ಊದದ ಸೀಟಿಯ ಮೀಮಾಂಸೆ

ಊದಿದ ಸೀಟಿಗೆ ಶಾಸ್ತ್ರವುಂಟು. ಯಾವ ತಪ್ಪಿಗೆ ಯಾವ ದಂಡ, ರೆಫರಿ ಮುಷ್ಟಿಯನ್ನು ಯಾವಾಗ ತಿರುಗಿಸಬೇಕು, ಅಂಗೈಯನ್ನು ಯಾವಾಗ ಚಾಚಬೇಕು ಎಂಬುದನ್ನೆಲ್ಲ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಚಿತ್ರ ಸಮೇತ ಅಚ್ಚು ಹಾಕಿಸಿದೆ. ಊದದೆ ಉಳಿದ ಸೀಟಿಗೆ ಮಾತ್ರ ಸೂತ್ರವಿಲ್ಲ, ಭಾಷ್ಯವಿಲ್ಲ, ಅಂಚಿನಲ್ಲೊಂದು ಟಿಪ್ಪಣಿಯೂ ಇಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಾಲೇಜು ಬ್ಯಾಸ್ಕೆಟ್‌ಬಾಲನ್ನು ಕ್ಷೇತ್ರವಾಗಿ ಇಟ್ಟುಕೊಂಡು ಆ ಕೊರತೆ ನೀಗಿಸಲು ಪ್ರಸ್ತುತ ಲೇಖಕ ಮುಂದಾಗಿದ್ದಾನೆ. ಯಾರೂ ಕೇಳಿರಲಿಲ್ಲ. ದೊಡ್ಡ ಸಂಶೋಧನೆಗಳನ್ನು ಯಾರೂ ಕೇಳಿರುವುದಿಲ್ಲ.

ಮೊದಲು ಲಕ್ಷಣ ನಿರೂಪಣೆ. ಸೀಸನ್ ಎಂದರೇನು? ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ 2018-19ರ ಸೀಸನ್ನಿನಲ್ಲಿ 38 ಪಂದ್ಯ ಆಡಿ 35 ಗೆದ್ದಿತು. ನಮ್ಮ ಸೀಮೆಯಲ್ಲಿ ಸೀಸನ್ ಎಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ. ನಾಕೌಟ್ ಆದರಂತೂ ಸೋತವರು ಸೀದಾ ಮನೆಗೆ. ಬೆಳಿಗ್ಗೆ ಹತ್ತಕ್ಕೆ ಶುರುವಾದ ಸೀಸನ್ ಹನ್ನೊಂದೂವರೆಗೆ ಮುಗಿದು, ಹನ್ನೆರಡಕ್ಕೆ ಟಿ.ಎ.-ಡಿ.ಎ. ವೋಚರಿಗೆ ಸಹಿಯೂ ಬಿದ್ದಿರುತ್ತದೆ. ಎರಡು ಪಂದ್ಯ ಆಡಿದ ತಂಡಕ್ಕೆ ಅದು ದೀರ್ಘ ಸೀಸನ್. ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ವರ್ಜೀನಿಯಾದ ಪಾಲಿಗೆ ಒಂದು ಪಂದ್ಯವೆಂದರೆ ಸೀಸನ್ನಿನ ಶೇ. 2.63. ಮೊದಲ ಸುತ್ತಿನಲ್ಲೇ ಸೋತರೆ ಮುಂಡರಗಿಯ ತಂಡಕ್ಕೆ ಶೇ. 100. ಹೀಗಾಗಿ ಅಲ್ಲಿ ಒಂದು ಸೀಟಿ ತಪ್ಪಿದರೆ ಪತ್ರಿಕೆಯಲ್ಲಿ ಚರ್ಚೆ, ಇಲ್ಲಿ ತಪ್ಪಿದರೆ ವರ್ಷವೇ ಹೋಯಿತು.

ಅಲ್ಲಿಯೂ ತಪ್ಪಿದ್ದುಂಟು. 2019ರ ಏಪ್ರಿಲ್ 6ರಂದು ಮಿನಿಯಾಪೊಲಿಸ್‌ನಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್, ಎದುರಿಗೆ ಆಬರ್ನ್ ವಿಶ್ವವಿದ್ಯಾಲಯ. ಕೊನೆಯ ಸೆಕೆಂಡುಗಳಲ್ಲಿ ವರ್ಜೀನಿಯಾದ ಟೈ ಜೆರೋಮ್ ಪುಟಿಸುತ್ತಿದ್ದ ಚೆಂಡು ಅವನದೇ ಕಾಲಿಗೆ ಬಡಿದು ಹೊರಳಿತು. ಎರಡೂ ಕೈಯಲ್ಲಿ ಹಿಡಿದುಕೊಂಡವನು ಮತ್ತೆ ಪುಟಿಸತೊಡಗಿದ. ಡಬಲ್ ಡ್ರಿಬಲ್. ಶಾಲೆಯ ಹುಡುಗರೂ ಬೆರಳು ಮಾಡಿ ತೋರಿಸುವ ತಪ್ಪು. ಸೀಟಿ ಬರಲಿಲ್ಲ. ಇನ್ನು 0.6 ಸೆಕೆಂಡ್ ಇದೆ ಎನ್ನುವಾಗ ಆಬರ್ನ್ ಮೇಲೆ ಮಾತ್ರ ಫೌಲಿನ ಸೀಟಿ ಬಂತು, ಕೈಲ್ ಗೈ ಮೂರೂ ಫ್ರೀ ಥ್ರೋ ಹಾಕಿದ, ವರ್ಜೀನಿಯಾ 63–62ರಲ್ಲಿ ಗೆದ್ದಿತು. ಎರಡು ದಿನ ಬಿಟ್ಟು ಚಾಂಪಿಯನ್ ಕೂಡ ಆಯಿತು. ಆಬರ್ನ್ ಊರಿನವರು ಇದನ್ನು ಹೇಗೆ ನುಂಗಿಕೊಂಡರೋ, ಅವರಿಗೆ ನಮ್ಮಂತೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಅನುಕೂಲ ಇರಲಿಕ್ಕಿಲ್ಲ.

ಈಗ ತತ್ತ್ವ. ಬಾರದ ಸೀಟಿ ಒಂದು ಪದಾರ್ಥವೇ? ನಮ್ಮ ವೈಶೇಷಿಕರು ಇದಕ್ಕೆ ಮೊದಲೇ ಏರ್ಪಾಡು ಮಾಡಿಟ್ಟಿದ್ದಾರೆ. ಅವರ ಪದಾರ್ಥಗಳ ಪಟ್ಟಿಯಲ್ಲಿ ಏಳನೆಯದು ಅಭಾವ. ಅದರಲ್ಲಿ ನಾಲ್ಕು ಬಗೆ. ಫೌಲ್ ಆಗಿದೆ, ಸೀಟಿ ಇನ್ನೂ ಬಾಯಿಗೆ ಹೋಗುತ್ತಿದೆ — ಇದು ಪ್ರಾಗಭಾವ. ಆಟಗಾರರಿಗೆ ಇದರ ಮೇಲೆ ಅಪಾರ ಭರವಸೆ, ಕೈ ಮೇಲೆತ್ತಿಕೊಂಡು ನಿಂತೇ ಇರುತ್ತಾರೆ. ಯಾರದೋ ತಪ್ಪಿಗೆ ಊದಬೇಕಾದ್ದನ್ನು ಇನ್ಯಾರದೋ ತಪ್ಪಿಗೆ ಊದಿದರೆ ಅನ್ಯೋನ್ಯಾಭಾವ. ಊದಿಯೂ ಸದ್ದು ಹೊರಡದಿದ್ದರೆ ಪ್ರಧ್ವಂಸಾಭಾವ. ಇದಕ್ಕೆ ಸಾಕ್ಷಿ ಕೆನಡಾದ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್. 1984ರಲ್ಲಿ ಬ್ರೆಜಿಲ್‌ನ ಒಲಿಂಪಿಕ್ ಪೂರ್ವ ಪಂದ್ಯಾವಳಿಯಲ್ಲಿ ಆತ ಫೌಲ್ ಕಂಡ, ಊದಿದ. ಸೀಟಿಯೊಳಗಿನ ಗುಂಡು ಸಿಕ್ಕಿಕೊಂಡು ಸದ್ದೇ ಬರಲಿಲ್ಲ. ಪ್ರೇಕ್ಷಕರು ರೊಚ್ಚಿಗೆದ್ದರು. ಊರಿಗೆ ಮರಳಿದ ಆತ ಗುಂಡೇ ಇಲ್ಲದ ಸೀಟಿ ಮಾಡಿಸಿ 1987ರಲ್ಲಿ ಫಾಕ್ಸ್ 40 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟ. ಒಂದು ಬಾರದ ಸೀಟಿಯಿಂದ ಒಬ್ಬ ಮನುಷ್ಯ ಉದ್ಧಾರವಾದ ಉದಾಹರಣೆ ಇಡೀ ಸಾಹಿತ್ಯದಲ್ಲಿ ಇದೊಂದೇ. ನಾಲ್ಕನೆಯದು ಅತ್ಯಂತಾಭಾವ: ಹಿಂದೆಯೂ ಇಲ್ಲ, ಈಗಲೂ ಇಲ್ಲ, ಮುಂದೆಯೂ ಬರುವುದಿಲ್ಲ. ಗದಗ ಸೀಮೆಯ ವಿದ್ಯಾರ್ಥಿಗಳಿಗೆ ಹೆಚ್ಚಾಗಿ ಪರಿಚಯ ಇದರದೇ.

ಇದು ಆಮದು ಕಾಯಿಲೆಯೆಂದು ಯಾರೂ ಭ್ರಮಿಸಬಾರದು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಾಲೆಯಲ್ಲಿ, ಊದದ ಸೀಟಿ ಅದಕ್ಕಿಂತ ಎಷ್ಟೋ ಹಿರಿದು. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಕೂಡದು. ಭೀಮ ತೊಡೆಗೆ ಹೊಡೆದ. ಪಕ್ಕದಲ್ಲಿ ನಿಂತಿದ್ದ ಬಲರಾಮ ಇಬ್ಬರಿಗೂ ಗುರು, ನಿಯಮ ಬಲ್ಲವನು, ಕಣ್ಣಾರೆ ಕಂಡವನು; ನೇಗಿಲು ಎತ್ತಿಕೊಂಡು ಎದ್ದೂ ಎದ್ದ. ಕೃಷ್ಣ ಹಿಡಿದು ಕೂರಿಸಿದ. ಫಲಿತಾಂಶ ಬದಲಾಗಲಿಲ್ಲ. ಮಹಾಭಾರತದ ಈ ಕತೆಯನ್ನು ಕನ್ನಡಕ್ಕೆ ತಂದ ಕುಮಾರವ್ಯಾಸ ಕುಳಿತು ಬರೆದದ್ದು ಇದೇ ಗದಗಿನ ವೀರನಾರಾಯಣ ಗುಡಿಯಲ್ಲಿ. ಹದಿನೆಂಟರಲ್ಲಿ ಹತ್ತು ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ಏಕೆ ನಿಲ್ಲಿಸಿದ ಎಂಬುದಕ್ಕೆ ಪಂಡಿತರು ನಾನಾ ಕಾರಣ ಕೊಡುತ್ತಾರೆ. ಪ್ರಸ್ತುತ ಲೇಖಕನ ಮತ ಇಷ್ಟೆ: ಅಂಥಾ ಫೌಲ್ ಕೊಡದೆ ಬಿಟ್ಟ ಮೇಲೆ ಗದಗಿನವರು ಮುಂದಿನ ಪಂದ್ಯ ನೋಡುವುದಿಲ್ಲ.

ಇನ್ನು ದೃಷ್ಟಾಂತ. ನೈಯಾಯಿಕರು ಗಡಿಗೆ, ಬಟ್ಟೆಗಳನ್ನು ಹಿಡಿದು ತರ್ಕ ಮಾಡುವಂತೆ ನಾವು ಶಿರಹಟ್ಟಿಯ ಹುಡುಗನೊಬ್ಬನನ್ನು ಹಿಡಿಯೋಣ. ಅವನು ಕಲ್ಪಿತ, ಅವನ ಮೊಳಕೈ ಕಲ್ಪಿತ, ಅಂಗಳ ಮಾತ್ರ ಕಲ್ಪಿತವಲ್ಲ, ಇಂಥದ್ದನ್ನು ಎಲ್ಲರೂ ಕಂಡಿದ್ದೀರಿ. ಎರಿಮಣ್ಣಿನ ಮೈದಾನದ ನಡುವೆ ಸಿಮೆಂಟಿನ ಕೋರ್ಟ್, ಮಳೆಗಾಲಕ್ಕೆ ಬಿರುಕು ಬಿಟ್ಟು ಒಂದು ಮೂಲೆ ಎದ್ದಿದೆ. ಆ ಮೂಲೆಗೆ ಚೆಂಡು ಬಿದ್ದರೆ ಯಾವ ಕಡೆ ಹಾರುತ್ತದೆ ಎಂಬುದು ಆತಿಥೇಯರಿಗೆ ಮಾತ್ರ ಗೊತ್ತು. ಬಳೆಯ ಎತ್ತರ ನಿಯಮದಂತೆ 3.05 ಮೀಟರೇ ಇದೆ, ಬಲೆ ಮಾತ್ರ ಇಲ್ಲ. ಬಲೆಯಿಲ್ಲದ ಬಳೆಯಲ್ಲಿ ಚೆಂಡು ಒಳಗಿಂದ ಬಿತ್ತೋ ಹೊರಗಿಂದ ಬಿತ್ತೋ ಎಂಬುದು ನಂಬಿಕೆಯ ವಿಷಯ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಸ್ಕೋರ್‌ಶೀಟ್ ಹಾರದಿರಲೆಂದು ಮೇಜಿನ ಮೇಲೆ ಕಲ್ಲು ಇಟ್ಟಿದೆ. ಕಲ್ಲಿನ ಕೆಳಗೆ ಯಾವ ಅಂಕಗಳಿವೆ ಎಂಬುದನ್ನು ಆಗಾಗ ಎತ್ತಿ ನೋಡಬೇಕು. 24 ಸೆಕೆಂಡಿನ ಗಡಿಯಾರದ ಬದಲಿಗೆ ಬಿ.ಎ. ಎರಡನೆಯ ವರ್ಷದ ಹುಡುಗನೊಬ್ಬ ಮೊಬೈಲ್ ಹಿಡಿದು ಕೂತಿದ್ದಾನೆ; ನಡುವೆ ಅವನಿಗೆ ಫೋನ್ ಬಂದರೆ ಕಾಲ ನಿಲ್ಲುತ್ತದೆ. (ದಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ತಲವಿನ್ಯಾಸಕ್ಕೂ ಸರಿಯಾಗಿ 24 ಕೋನಗಳಿವೆ. ಇದರ ಮೇಲೆ ಯಾರಾದರೂ ಪಿಎಚ್.ಡಿ. ಮಾಡಿದರೆ ಮೌಖಿಕ ಪರೀಕ್ಷೆಗೆ ಬರಲು ಲೇಖಕ ಸಿದ್ಧ.)

ಗದಗ-ಬೆಟಗೇರಿಯ ತಂಡ 41, ಶಿರಹಟ್ಟಿ 40. ಕೊನೆಯ ನಾಲ್ಕು ಸೆಕೆಂಡ್. ನಮ್ಮ ಹುಡುಗ ಬಳೆಯ ಕೆಳಗೆ ನುಗ್ಗಿ ಮೇಲೆ ಹಾರುತ್ತಾನೆ. ಚಟ್ ಎಂದು ಏಟು ಬೀಳುತ್ತದೆ ಮೊಳಕೈಗೆ. ಆ ಸದ್ದು ಕಂಪೌಂಡಿನ ಆಚೆ ಗಿರಮಿಟ್ ಕಲಸುತ್ತಿದ್ದವನಿಗೆ ಕೇಳಿಸಿತು; ಅವನು ಸೌಟು ಹಿಡಿದೇ ತಿರುಗಿ ನೋಡಿದ. ಎರಡು ಗಜ ದೂರದ ರೆಫರಿಗೆ ಕೇಳಿಸಲಿಲ್ಲ. ಚೆಂಡು ಹೊರಗೆ ಹೋಯಿತು, ಮೊಬೈಲ್ ಹುಡುಗ ಕೈ ಎತ್ತಿದ, ಸೀಸನ್ ಮುಗಿಯಿತು.

"ಸರ್ರ, ಫೌಲ್ ರೀ ಅದು! ಕೈ ನೋಡ್ರಿ ಹೆಂಗ ಕೆಂಪಗಾಗೇತಿ!"

"ಆಟ ಮುಗದೈತಿ ತಮ್ಮಾ, ಕೈ ಕೂಡ್ಸು."

ಇಲ್ಲಿ ಪ್ರತಿಭಟನೆಗೆ ಅವಕಾಶವಿಲ್ಲವೇ? ಫಿಬಾ ನಿಯಮದಲ್ಲಿದೆ. ಪಂದ್ಯ ಮುಗಿದ 15 ನಿಮಿಷದೊಳಗೆ ನಾಯಕ ರೆಫರಿಗೆ ತಿಳಿಸಿ ಸ್ಕೋರ್‌ಶೀಟಿನ ನಿಗದಿತ ಜಾಗದಲ್ಲಿ ಸಹಿ ಹಾಕಬೇಕು. ಆದರೆ ಅಂಕದ ಲೆಕ್ಕ, ಗಡಿಯಾರ, ಆಟಗಾರನ ಅರ್ಹತೆಯಂಥ ಕೆಲವೇ ವಿಷಯಗಳಿಗೆ ಅದು ಸಲ್ಲುತ್ತದೆ. ರೆಫರಿಯ ಕಣ್ಣಿನ ಮೇಲೆ ಅರ್ಜಿ ಹಾಕಲು ಬರುವುದಿಲ್ಲ. ಅಂದರೆ ಕಲ್ಲಿನ ಕೆಳಗಿನ ಅಂಕಗಳ ಮೇಲೆ ದೂರಬಹುದು, ಕೈ ಮೇಲಿನ ಬರೆಯ ಮೇಲೆ ದೂರುವಂತಿಲ್ಲ. ನಮ್ಮ ನಾಯಕ ಆ ಹದಿನೈದು ನಿಮಿಷವನ್ನು ಕಬ್ಬಿನ ಹಾಲಿನ ಗಾಡಿಯ ಮುಂದೆ ಕಳೆದನೆಂದು ಅವನನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಅರ್ಜಿ ಹಾಕಿದವರಿಗೂ ಫಲ ಸಿಕ್ಕಿಲ್ಲ: 1972ರ ಮ್ಯೂನಿಕ್ ಒಲಿಂಪಿಕ್ ಫೈನಲ್ಲಿನಲ್ಲಿ ಕೊನೆಯ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಿ ಸೋವಿಯತ್ ತಂಡ 51–50ರಲ್ಲಿ ಗೆದ್ದಾಗ ಅಮೆರಿಕ ಮೇಲ್ಮನವಿ ಹಾಕಿತ್ತು. 3–2 ಮತಗಳಿಂದ ಅದು ಬಿದ್ದುಹೋಯಿತು. ಆ ಆಟಗಾರರು ಬೆಳ್ಳಿಪದಕ ಮುಟ್ಟಲೇ ಇಲ್ಲ. ನಮ್ಮ ಕಡೆ ಈ ಪದ್ಧತಿ ತರುವುದು ಕಷ್ಟ. ಸೋತವರಿಗೆ ಕೊಡುವುದು ಸರ್ಟಿಫಿಕೇಟು, ಅದನ್ನು ಬಿಟ್ಟು ಬಂದರೆ ಮನೆಯಲ್ಲಿ ಕೇಳುತ್ತಾರೆ.

ಪರಿಣಾಮಗಳಿಗೆ ಬರೋಣ. ಗದಗ-ಬೆಟಗೇರಿಯ ತಂಡ ಮುಂದಿನ ಸುತ್ತಿಗೆ ಹೋಗಿ ಧಾರವಾಡದವರ ಕೈಲಿ ಮೂವತ್ತು ಅಂಕಗಳಿಂದ ಸೋತು ಬಂತು. ಆ ಸೋಲನ್ನು ಅವರೇ ಎರಡು ದಿನದಲ್ಲಿ ಮರೆತರು. ಬೆಳಿಗ್ಗೆ ಶಿರಹಟ್ಟಿಯ ಕೈಲಿ 58–12ರಲ್ಲಿ ಸೋತಿದ್ದ ಲಕ್ಷ್ಮೇಶ್ವರದವರ ಕತೆ ಬೇರೆ. ಶಿರಹಟ್ಟಿ ಗೆಲ್ಲಬೇಕಿತ್ತು ಎಂದಾದರೆ ತಾವು ಸೋತದ್ದು ನಿಜವಾದ ಚಾಂಪಿಯನ್ನರಿಗೆ ಎಂದು ಅವರು ಲೆಕ್ಕ ಹಾಕಿಕೊಂಡರು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕವಿರಾಜಮಾರ್ಗ ಕನ್ನಡದ ತಿರುಳೆಂದು ಗುರುತಿಸಿದ ಊರುಗಳಲ್ಲಿ ಅದೂ ಒಂದು. ಆದ್ದರಿಂದ ರೆಫರಿಯ ಬಗ್ಗೆ ಶಿರಹಟ್ಟಿಯವರಿಗಿಂತ ಅವರೇ ಚೆನ್ನಾಗಿ ಬಯ್ದರು.

ಶಿರಹಟ್ಟಿಯಲ್ಲಿ ಆದದ್ದೇ ಬೇರೆ. ಗೆದ್ದಿದ್ದರೆ ಆ ಹುಡುಗರೂ ಧಾರವಾಡಕ್ಕೆ ಹೋಗಿ ಮೂವತ್ತರಿಂದ ಸೋತು, ಸೋಮವಾರ ಇಂಟರ್ನಲ್ ಪರೀಕ್ಷೆಗೆ ಕೂತು, ಎಲ್ಲ ಮರೆತುಬಿಡುತ್ತಿದ್ದರು. ಸೀಟಿ ಊದದೆ ಇದ್ದುದರಿಂದ 40 ನಿಮಿಷದ ಪಂದ್ಯ ಹನ್ನೊಂದು ತಿಂಗಳು ನಡೆಯಿತು. ಕೈ ತಾಗಿದ್ದು ಮಾರ್ಚ್ ಹೊತ್ತಿಗೆ ಕೈ ಬೀಸಿದ್ದಾಯಿತು, ಜಾತ್ರೆ ಹೊತ್ತಿಗೆ ಕೆಡವಿ ಹೊಡೆದದ್ದಾಯಿತು. ಕೋರ್ಟಿಗೆ ಬಾರದವರೂ ಕಣ್ಣಾರೆ ಕಂಡವರ ಪಟ್ಟಿಗೆ ಸೇರಿದರು. ಬೆಂಚಿನ ಮೇಲೆ ಕೂತಿದ್ದ ಹನ್ನೆರಡನೆಯ ಆಟಗಾರ ಅಂಗಳಕ್ಕೆ ಇಳಿಯದೆಯೇ ಪ್ರಮುಖ ಸಾಕ್ಷಿಯಾದ. ಮರುವರ್ಷ ತಂಡಕ್ಕೆ ಸೇರಲು ಇಪ್ಪತ್ತೆಂಟು ಹುಡುಗರು ಬಂದರು. ಹಿಂದಿನ ವರ್ಷ ಹನ್ನೆರಡನೆಯವನನ್ನು ಕಾಮರ್ಸ್ ವಿಭಾಗದಿಂದ ಎಳೆದು ತಂದಿದ್ದರು. ಸಿದ್ಧಾಂತ ಇಷ್ಟು: ನಮ್ಮ ಸೀಮೆಯಲ್ಲಿ ಊದದ ಸೀಟಿ ಸೀಸನ್ನನ್ನು ಕೆಡಿಸುವುದಿಲ್ಲ, ಇಲ್ಲದ ಸೀಸನ್ನನ್ನು ಹುಟ್ಟಿಸುತ್ತದೆ.

ರೆಫರಿ ಊದಲಿಲ್ಲವೇಕೆ ಎಂಬ ಪ್ರಶ್ನೆ ಉಳಿಯಿತು. ಇಂಥ ಪಂದ್ಯಗಳಲ್ಲಿ ಸೀಟಿ ಹಿಡಿಯುವವರು ಬಹುಮಟ್ಟಿಗೆ ಬೇರೆ ಬೇರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಪಿ.ಡಿ. ಸಾಹೇಬರೇ. ನಮ್ಮ ದೃಷ್ಟಾಂತದಲ್ಲಿ ಒಬ್ಬರು ಲಕ್ಷ್ಮೇಶ್ವರದವರು, ಇನ್ನೊಬ್ಬರು ಮುಂಡರಗಿಯವರು. ಪೂರ್ವಪಕ್ಷದವರು ಇಲ್ಲಿ ಕುಣಿದಾಡುತ್ತಾರೆ: ಒಬ್ಬರಿಗೆ ಬೆಳಗಿನ ಸೋಲಿನ ಸೇಡು, ಇನ್ನೊಬ್ಬರಿಗೆ ಮುಂದಿನ ಸುತ್ತಿನಲ್ಲಿ ಯಾರು ಸಿಕ್ಕಾರೆಂಬ ಲೆಕ್ಕ. ಇದು ಚಹಾದಂಗಡಿಯ ಪ್ರಮಾಣ, ಶಾಸ್ತ್ರದ್ದಲ್ಲ. ಈ ಆಟವನ್ನು ಹುಟ್ಟುಹಾಕಿದ ನೈಸ್ಮಿತ್ ಬರೆದ ಮೊದಲ ಹದಿಮೂರು ನಿಯಮಗಳಲ್ಲೇ ಬೀಜವಿದೆ: ಅಂಪೈರ್ ಆಟಗಾರರನ್ನು ನೋಡಬೇಕು, ರೆಫರಿ ಚೆಂಡನ್ನು ನೋಡಬೇಕು. ಚೆಂಡು ಆಟಗಾರನ ಕೈಯಲ್ಲೇ ಇದ್ದಾಗ ಯಾರು ಏನನ್ನು ನೋಡಬೇಕು?

ಉತ್ತರ ಸಿಕ್ಕಿದ್ದು ಸಂಜೆ, ಗದಗಿನ ಬಸ್‌ಸ್ಟ್ಯಾಂಡಿನಲ್ಲಿ. ಲಕ್ಷ್ಮೇಶ್ವರದ ಸಾಹೇಬರಿಗೂ ಶಿರಹಟ್ಟಿಯ ಹುಡುಗರಿಗೂ ಒಂದೇ ಬಸ್ಸು. ಹುಡುಗರು ಸುತ್ತುಗಟ್ಟಿ ನಿಂತರು. ಯಾರೂ ಬಯ್ಯಲಿಲ್ಲ, ಮೊಳಕೈ ಹುಡುಗ ಸುಮ್ಮನೆ ತೋಳು ಮಡಚಿ ಮುಂದೆ ಹಿಡಿದ. ಸಾಹೇಬರು ಕನ್ನಡಕ ಏರಿಸಿ, ಶಾಸನ ಓದುವವರಂತೆ ಬಗ್ಗಿ ನೋಡಿದರು.

"ಬಿದ್ದೈತಿ ನೋಡಪಾ. ನಾ ಕಂಡೆ. ಅವ್ರು ಊದ್ತಾರ ಅಂತ ನಾ ಸುಮ್ಮನಿದ್ದೆ. ನಾ ಊದ್ತೀನಂತ ಅವ್ರು ಸುಮ್ಮನಿದ್ರಂತ."

ಹುಡುಗರು ಇದನ್ನು ಸ್ವಲ್ಪ ಹೊತ್ತು ಅರಗಿಸಿಕೊಂಡರು. ದೇಶದ ಮೊದಲ ಸಹಕಾರಿ ಪತ್ತಿನ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಈ ಮಣ್ಣಿನಲ್ಲಿ ಸಾಲವನ್ನು ಸಾಲವೆಂದು ಒಪ್ಪಿಕೊಂಡವರನ್ನು ಕೆಟ್ಟದಾಗಿ ನೋಡುವುದಿಲ್ಲ. ತೀರಿಸಬೇಕು, ಅಷ್ಟೆ. ಸಾಹೇಬರು ಗಾಡಿಯ ಮುಂದೆ ನಿಂತು ಇಡೀ ತಂಡಕ್ಕೆ ತಲೆಗೊಂದು ಮಿರ್ಚಿ ಹೇಳಿದರು.

"ಸರ್ರ, ನಂಗ ಎರಡು," ಎಂದ ಮೊಳಕೈ ಹುಡುಗ. "ಶೂಟ್ ಮಾಡೋವಾಗ ಫೌಲ್ ಆದ್ರ ಎರಡು ಫ್ರೀ ಥ್ರೋ ಅಲ್ರೀ?"

ನಿಯಮ ನಿಯಮವೇ. ಎರಡು ಕೊಟ್ಟರು. ಒಂದು ಬಾಯಿಗೆ ಹೋಯಿತು. ಇನ್ನೊಂದು, ಎಣ್ಣೆ ಇನ್ನೂ ಸುಡುತ್ತಿತ್ತು, ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನಾಯಕ ಬಿದ್ದ ಮಿರ್ಚಿಯನ್ನೂ ಹುಡುಗನ ಮುಖವನ್ನೂ ನೋಡಿ, "41–41," ಎಂದ.

"ಹಂಗಾರ ಎಕ್ಸ್‌ಟ್ರಾ ಟೈಮ್ ಆಡ್ಬೇಕಾಗಿತ್ತಲ್ಲೋ," ಎಂದರು ಸಾಹೇಬರು. "ಐದು ನಿಮಿಷ."

ಫುಟ್‌ಬೋರ್ಡಿನ ಮೇಲೆ ನಿಂತಿದ್ದ ಕಂಡಕ್ಟರ್ ಗಡಿಯಾರ ನೋಡಿಕೊಂಡ. "ಐದು ನಿಮಿಷ ಐತ್ರಿ ಸರ್ರ ಇನ್ನೂ, ಬಸ್ ಬಿಡಾಕ."