ಸರ್ಕಾರಿ ಕಚೇರಿಯಲ್ಲಿ ಲಿಂಗ ಸಮಾನತೆ: ಉಗಮ, ಪ್ರಭೇದಗಳು ಮತ್ತು ಬೀಗದ ಕೈ

ಲಿಂಗ ಸಮಾನತೆ ಸುತ್ತೋಲೆಯಲ್ಲಿ ಹುಟ್ಟಿ, ಅನುಪಾಲನಾ ವರದಿಯಲ್ಲಿ ಬೆಳೆದು, ಅಭಿಲೇಖಾಲಯದಲ್ಲಿ ಐಕ್ಯವಾಗುತ್ತದೆ. ಈ ಮೂರು ಅವಸ್ಥೆಗಳಿಗೆ ಶಾಸ್ತ್ರದಲ್ಲಿ ಕ್ರಮವಾಗಿ ಆವಕ, ಮಂಡನೆ, ವಿಲೇವಾರಿ ಎಂದು ಹೆಸರು.

ಸುತ್ತೋಲೆಗೆ ಮುಂಚಿನದು ಅನುಮತಿಯುಗ. ಆಗ ವಿದೇಶಾಂಗ ಸೇವೆಯ ಅಧಿಕಾರಿಣಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡಬೇಕಾಗಬಹುದಿತ್ತು. ಗಂಡಸರಿಗೆ ಸಂಸಾರ ಅಡ್ಡಿಯಾಗುವ ಸಾಧ್ಯತೆ ನಿಯಮಕಾರರಿಗೆ ಹೊಳೆದಿರಲಿಲ್ಲ. ಆ ಸೇವೆಗೆ ಸೇರಿದ ಮೊದಲ ಮಹಿಳೆ, ಕೊಡಗಿನ ಸಿ.ಬಿ. ಮುತ್ತಮ್ಮ, ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ವಿಚಾರಣೆಗೆ ಮೊದಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಝಾಡಿಸಿ, ಅರ್ಜಿಯನ್ನು ವಜಾ ಮಾಡಿದರು.

ಸಮಾನತೆಯಲ್ಲಿ ಐದು ಪ್ರಭೇದ. ಒಂದು, ಶೇಕಡಾತ್ಮಕ: ರಾಜ್ಯದ ನೇರ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ 33. ಎರಡು, ಸಮಿತ್ಯಾತ್ಮಕ: 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿರುವಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು, ಹಿರಿಯ ಮಹಿಳಾ ನೌಕರರೇ ಅದರ ಮುಖ್ಯಸ್ಥೆ. ಸಮಿತಿ ವಾಸಿಸುವುದು ಗೋಡೆಯ ಫಲಕದಲ್ಲಿ. ಮುಖ್ಯಸ್ಥೆ ವರ್ಗವಾಗಿ ಹೋದರೂ ಫಲಕಕ್ಕೆ ಬಾಧೆಯಿಲ್ಲ. ಮೂರು, ರಂಗೋಲ್ಯಾತ್ಮಕ: ಮಾರ್ಚ್ 8ರಂದು ಮಾತ್ರ ಗೋಚರ. ಅಂದು ಸಾಹೇಬರು ತಾಯಿ, ಭೂಮಿ, ನದಿಗಳ ಬಗ್ಗೆ ಮಾತಾಡುತ್ತಾರೆ, ಎಸ್‌ಡಿಎ ಹೆಣ್ಣುಮಕ್ಕಳು ಉಪ್ಪಿಟ್ಟು ಬಡಿಸುತ್ತಾರೆ. ಉಳಿದೆರಡು ಪ್ರಭೇದಗಳು ಇದ್ದರೆಷ್ಟು, ಬಿಟ್ಟರೆಷ್ಟು.

ತಾಲ್ಲೂಕು ಮಟ್ಟದ ಕಚೇರಿಯೊಂದನ್ನು ಮಾದರಿಯಾಗಿ ನೋಡಬಹುದು. ‘ಮಹಿಳೆಯರಿಗೆ’ ಎಂದು ಬರೆದ ಬಾಗಿಲಿಗೆ ಬೀಗ. ಒಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಹಳೆಯ ಕಡತ, ಕೈ ಮುರಿದ ಕುರ್ಚಿ, ಕಳೆದ ಚುನಾವಣೆಯ ಬ್ಯಾನರು. ಆದ್ದರಿಂದ ಅಲ್ಲಿನ ಹೆಂಗಸರು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ನೀರು ಕುಡಿಯುವುದಿಲ್ಲ. ಇಪ್ಪತ್ತು ವರ್ಷ ಬಾಯಾರಿಕೆ ಕಟ್ಟಿಕೊಂಡು ಕೂತವಳಿಗೆ ಪವರ್‌ಪಾಯಿಂಟ್ ಹಾಕಿ ಸಬಲೀಕರಣ ಕಲಿಸುವವರಿಗೆ ನಾಚಿಕೆಯೂ ಆಗುವುದಿಲ್ಲ. ಉರಿಮೂತ್ರಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. ಮುಟ್ಟಾದ ದಿನ ಆಕೆ ಕಾಂಪೌಂಡಿನಾಚೆಯ ಮನೆಯ ಬಾಗಿಲು ತಟ್ಟುತ್ತಾಳೆ. ಆ ಮನೆಯ ಅಜ್ಜಿ ಏನೂ ಕೇಳದೆ ಹಿತ್ತಲಿನ ಕಡೆ ಕೈ ತೋರಿಸಿ, ತುಂಬಿದ ಬಕೆಟ್ಟು ಮುಂದಿಡುತ್ತಾಳೆ.

ಅನುಪಾಲನಾ ವರದಿಯಲ್ಲಿ ‘ಪ್ರತ್ಯೇಕ ಶೌಚಾಲಯ’ದ ಎದುರು ‘ಇದೆ’ ಎಂದು ನಮೂದಾಗಿದೆ. ಬೀಗದ ಕೈ ಅಧೀಕ್ಷಕರ ಡ್ರಾಯರಿನಲ್ಲಿದೆ. ಅಧೀಕ್ಷಕರು ಲಿಂಗ ಸಂವೇದನೆಯ ತರಬೇತಿಗೆ ಬೆಂಗಳೂರಿಗೆ ಹೋಗಿದ್ದಾರೆ.