ಕಾಳಿನ ಗುಣ

ಅಕ್ಕ, ಆ ರಾಗಿ ಸೇರನ್ನ ಒಂದ್ಸಲ ಕುಲುಕು ನೋಡಾಣ. ಇಳೀತಲ್ವಾ? ಒಂದು ಕಾಳೂ ಚೆಲ್ಲಿಲ್ಲ, ಆದ್ರೂ ಸೇರು ತುಂಬಿಲ್ಲ. ನೀರಾದ್ರೆ ಹೆಂಗೆ ಸುರಿದ್ರೂ ಅಳತೆ ಅಷ್ಟೇ. ಕಾಳಿಗೆ ನಾವು ಸುರಿದ ರೀತೀನೇ ಅಳತೆ ಕಣಕ್ಕ. ಒಂದೇ ಗಾತ್ರದ ದುಂಡು ಕಾಳು ಮೆಲ್ಲಗೆ ಸುರಿದ್ರೆ ಪಾತ್ರೆಯ ಜಾಗದಲ್ಲಿ ನೂರಕ್ಕೆ ಸುಮಾರು 60 ಪಾಲು ಮಾತ್ರ ಕಾಳು, ಮಿಕ್ಕಿದ್ದು ಗಾಳಿ. ಚೆನ್ನಾಗಿ ಕುಲುಕಿದ್ರೆ 64ರ ಹತ್ರ ಬರ್ತದೆ. ಅಂದ್ರೆ 15 ಸೇರಿಗೆ ಒಂದು ಸೇರು ಹೆಚ್ಚುಕಮ್ಮಿ! ಕೊಡೋದಿರಲಿ, ತಗೊಳ್ಳೋದಿರಲಿ, ತೂಕ ಹಾಕ್ಸೇ ಮಾಡು.

ಜರಡೀನ ನೀನು ದುಂಡಗೆ ಆಡಿಸ್ತೀಯಲ್ಲ, ದಪ್ಪ ಕಡ್ಡಿ, ತೆನೆ ಚೂರು ಮೇಲೆ ಬಂದು ನಡುವೆ ಕೂಡ್ತವೆ. ಅಲುಗಿಸಿದಾಗ ಬೀಳೋ ಸಂದಿಗೆ ಸಣ್ಣ ಕಾಳು ಬೇಗ ಜಾರ್ತದೆ, ದಪ್ಪಂದಕ್ಕೆ ಆ ಸಂದಿ ಸಾಲದು. ವಿಜ್ಞಾನಿಗಳು ಇದರ ಲೆಕ್ಕಕ್ಕೆ ಇನ್ನೂ ತಲೆ ಕೆಡಿಸ್ಕೊತಾರೆ, ನಿನ್ನ ಕೈಗೆ ಅದು ಎಂದೋ ಒಲಿದದೆ.

ಮರಳೂ ಕಾಳಿನ ಹಂಗೇ ಕಣಕ್ಕ. ತಲಕಾಡಿಗೆ ಪಂಚಲಿಂಗ ದರ್ಶನಕ್ಕೆ ಹೋದಾಗ ಮರಳು ದಿಬ್ಬ ಹತ್ತಿದ್ದು ಗ್ಯಾನ ಇದೆಯಾ? ಒಣ ಮರಳು ಸುಮಾರು 34 ಡಿಗ್ರಿ ಇಳಿಜಾರಿನವರೆಗೆ ಕಲ್ಲಿನ ಹಂಗೆ ನಿಲ್ತದೆ. ಅದಕ್ಕಿಂತ ಕಡಿದಾದ್ರೆ ಮೇಲಿನ ಪದರ ಮಾತ್ರ ಹರಿದು ಇಳೀತದೆ, ಒಳಗಿನದು ಅಲುಗೋದೇ ಇಲ್ಲ. ಒಂದೇ ಗುಡ್ಡೇಲಿ ಹರಿಯೋದೂ ನಿಲ್ಲೋದೂ ಒಟ್ಟಿಗೇ!

ಇನ್ನು ಹಗೇವು, ಕಣಜದ ಮಾತು. ಎತ್ತರ ತುಂಬಿದಷ್ಟೂ ತಳಕ್ಕೆ ಭಾರ ಏರ್ತಾನೇ ಹೋಗ್ತದೆ ಅಂದ್ಕೊತೀವಿ. ಹಂಗಿಲ್ಲ. ಕಾಳು ಕಾಳನ್ನ ಒತ್ತಿ, ಉಜ್ಜಿ, ಭಾರವನ್ನ ಪಕ್ಕದ ಗೋಡೆಗೆ ದಾಟಿಸ್ತದೆ. ಜರ್ಮನಿಯ ಯಾನ್ಸೆನ್ ಅನ್ನೋ ಎಂಜಿನಿಯರು 1895ರಲ್ಲೇ ಇದನ್ನ ಅಳೆದು ತೋರ್ಸಿದ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಸುರಿದ್ರೂ ತಳದ ಒತ್ತಡ ಹೆಚ್ಚೂಕಮ್ಮಿ ಅಷ್ಟೇ ಇರ್ತದೆ. ಆ ಭಾರಾನೆಲ್ಲ ಗೋಡೆ ಹೊರಬೇಕು, ಅದಕ್ಕೇ ಕಣಜದ ಗೋಡೆ ಗಟ್ಟಿಯಿರಬೇಕು.

ಮದ್ದೂರು, ಮಂಡ್ಯ ಕಡೆ ಅಕ್ಕಿ ಮಿಲ್ಲಿನ ಹಾಪರ್ ಬಾಯಲ್ಲಿ ಭತ್ತ ಕಟ್ಕೊಳ್ಳೋದೂ ಇದೇ ಗುಣದಿಂದ. ಕಾಳುಗಳೇ ಒಂದಕ್ಕೊಂದು ಆತು ಕಮಾನು ಕಟ್ತವೆ. ಕೆಳಗೆ ಟೊಳ್ಳು, ಮೇಲೆ ನೋಡಿದ್ರೆ ಗಟ್ಟಿ ನೆಲ. ಹೊರಗಿಂದ ಬಡಿದ್ರೆ ಒಡೀತದೆ, ಮೇಲೆ ಹತ್ತಿ ತುಳಿದ್ರೆ ಕುಸೀತದೆ. ಸೊಂಟದವರೆಗೆ ಕಾಳಲ್ಲಿ ಹೂತವರನ್ನ ಎಳೆದು ತೆಗೆಯೋಕೆ ಒಬ್ಬಿಬ್ಬರ ಬಲ ಸಾಲದು, ಸುತ್ತಲ ಕಾಳು ಹಿಡಿದಿರ್ತದೆ. ಮಕ್ಕಳು ಭತ್ತದ ರಾಶೀಲಿ ಕುಣಿದ್ರೆ ಕುಣೀಲಿ, ಕೆಳಗಿಂದ ಕಾಳು ಇಳಿಯೋ ಕಡೆ ಮಾತ್ರ ಹತ್ತೋಕೆ ಬಿಡಬ್ಯಾಡ ಕಣಕ್ಕ.