ಕರಾರು ಮೀಮಾಂಸೆ

ಪ್ರಮೇಯ: ಅಮೆರಿಕದ ಕಾಲೇಜು ಹಾಕಿ ಆಟಗಾರನ ಚೌಕಾಸಿಯ ಬಲ ಅವನ ಸ್ಟಿಕ್ಕಿನಲ್ಲಿಲ್ಲ, ಹಾಜರಿ ಪುಸ್ತಕದಲ್ಲಿದೆ.

ಇದಕ್ಕೆ ಪೂರ್ವಪಕ್ಷಿಗಳ ತಕರಾರು ಹೀಗೆ. ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಮಹಾಮಂಡಲದಲ್ಲಿ ತಂಡಗಳು ವರ್ಷಕ್ಕೊಮ್ಮೆ ಕೂತು, ಮೀಸೆ ಚಿಗುರುತ್ತಿರುವ ಹುಡುಗರನ್ನು ಸರದಿಯಂತೆ ಹಂಚಿಕೊಳ್ಳುತ್ತವೆ, ಗಂಡನ್ನು ಕೇಳದೆ ನಿಶ್ಚಿತಾರ್ಥ ಮುಗಿಸಿದ ಹಾಗೆ. ಒಂದು ತಂಡ ಹೆಸರು ಕೂಗಿತೆಂದರೆ ಮಿಕ್ಕವರು ಆ ಕಡೆ ತಲೆಹಾಕುವಂತಿಲ್ಲ. ಸಂಬಳಕ್ಕೂ ಮಿತಿಯುಂಟು: 2016ರಲ್ಲಿ ಮೊದಲ ಕರಾರಿಗೆ ವರ್ಷಕ್ಕೆ ಹೆಚ್ಚೆಂದರೆ 9,25,000 ಡಾಲರ್, ಸಾಧನೆಯ ಬೋನಸ್ ಬೇರೆ. ಅಂದಮೇಲೆ ಹುಡುಗನ ಕೈಯಲ್ಲೇನಿದೆ?

ಕ್ಯಾಲೆಂಡರ್ ಇದೆ ಎಂಬುದೇ ಸಿದ್ಧಾಂತ. ನಾಲ್ಕೂ ವರ್ಷ ಓದಿ, ಯಾವ ಕಾಗದಕ್ಕೂ ರುಜು ಹಾಕದೆ ಕೂತವನ ಮೇಲೆ ತಂಡಕ್ಕಿದ್ದ ಹಕ್ಕು ಆಗಸ್ಟ್ 15ಕ್ಕೆ ತೀರಿಹೋಗುತ್ತಿತ್ತು. (ಈ ತಿಥಿಯ ಮಹಿಮೆಯನ್ನು ಭಾರತೀಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.)

ದೃಷ್ಟಾಂತ, ಹಾರ್ವರ್ಡಿನ ಜಿಮ್ಮಿ ವೆಸಿ. 2012ರಲ್ಲಿ ಇವನನ್ನು ಮೂರನೇ ಸುತ್ತಿನಲ್ಲಿ ಹಿಡಿದದ್ದು ನ್ಯಾಶ್‌ವಿಲ್. 2016ರಲ್ಲಿ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಬಂತು, ನ್ಯಾಶ್‌ವಿಲ್ ಬಾಗಿಲು ತೆರೆದು ಕರೆಯಿತು, ಹುಡುಗ ಒಲ್ಲೆನೆಂದ. ಕಂಗಾಲಾದ ತಂಡ ಜೂನ್‌ನಲ್ಲಿ ಅವನ ಹಕ್ಕನ್ನು ಬಫಲೋಗೆ ದಾಟಿಸಿ, ಬದಲಿಗೆ ಮೂರನೇ ಸುತ್ತಿನ ಒಂದು ಆಯ್ಕೆ ಪಡೆಯಿತು. ಬಫಲೋ ಕೊಂಡದ್ದು ಆಟಗಾರನನ್ನಲ್ಲ, ಎರಡು ತಿಂಗಳು ಅವನನ್ನು ಪುಸಲಾಯಿಸುವ ಅವಕಾಶವನ್ನು. ಆಗಸ್ಟ್ 15 ಕಳೆಯಿತು. ತಂಡಗಳು ಅಂಗಲಾಚಿಕೊಂಡು ಬಂದವು. ಕೆಲವೇ ದಿನಗಳಲ್ಲಿ ವೆಸಿ ನ್ಯೂಯಾರ್ಕ್ ರೇಂಜರ್ಸ್‌ಗೆ ರುಜು ಹಾಕಿದ.

ಇಷ್ಟೆಲ್ಲ ತಪಸ್ಸಿಗೆ ಮೂಲ ಸಂಬಳದಲ್ಲಿ ಎಷ್ಟು ಹೆಚ್ಚಾಯಿತೆಂದು ಕೇಳಬಾರದು. ಮಿತಿ ಎಲ್ಲರಿಗೂ ಅದೇ 9,25,000. ಸಿಕ್ಕಿದ್ದು ಊರು ಆರಿಸಿಕೊಳ್ಳುವ ಪುಣ್ಯ.

ಆಡಮ್ ಫಾಕ್ಸ್ ಈ ಶಾಸ್ತ್ರವನ್ನು ಇನ್ನೂ ನಯಗೊಳಿಸಿದ. ಕ್ಯಾಲ್ಗರಿ ಆರಿಸಿದ ಈ ಹಾರ್ವರ್ಡ್ ಹುಡುಗ ಕ್ಯಾಲ್ಗರಿಗೂ ಸಹಿ ಹಾಕಲಿಲ್ಲ, ಆಮೇಲೆ ಹಕ್ಕು ಪಡೆದ ಕೆರೊಲಿನಾಗೂ ಹಾಕಲಿಲ್ಲ. ನಾಲ್ಕನೇ ವರ್ಷದವರೆಗೆ ಕಾಯಲೂ ಇಲ್ಲ. ಕಾದಾನೆಂಬ ಗುಮಾನಿಯೇ ಸಾಕಾಗಿ 2019ರಲ್ಲಿ ಅವನೂ ರೇಂಜರ್ಸ್ ಸೇರಿದ. 2021ರಲ್ಲಿ ಶ್ರೇಷ್ಠ ರಕ್ಷಣಾ ಆಟಗಾರನ ನಾರಿಸ್ ಟ್ರೋಫಿಯೂ ಬಂತು. (ಮಾಮೂಲಿ ಆಟಗಾರ ಹೀಗೇ ಕಾದರೆ ಅದಕ್ಕೆ ಮೀಮಾಂಸೆಯಲ್ಲಿ ನಿರುದ್ಯೋಗವೆಂದು ಹೆಸರು.)

ಇನ್ನು ವೆಸಿಯ ಉತ್ತರಕಾಂಡ. 2019ರ ಜುಲೈನಲ್ಲಿ ರೇಂಜರ್ಸ್ ಅವನನ್ನು ಬಫಲೋಗೇ ಸಾಗಹಾಕಿತು. ಬೆಲೆ ಅದೇ, ಮೂರನೇ ಸುತ್ತಿನ ಒಂದು ಆಯ್ಕೆ. ಈ ಸಲ ಒಲ್ಲೆನೆನ್ನಲು ಕಾಲೇಜು ಮುಗಿದು ಮೂರು ವರ್ಷವಾಗಿತ್ತು.